ನಾಣ್ಯ ಎಸೆದು ಹೊಲಿಸಿದ ಅಂಗಿ

ಮೂರು ಸಾವಿರ ವರ್ಷಗಳಷ್ಟು ಹಳೆಯದಾದ ಗ್ರಂಥವೊಂದು ಈಗ ಬಟ್ಟೆಯಂಗಡಿಗೆ ಬಂದು ನಿಂತಿದೆ. ಅದು ಚೀನಾದ ‘ಯಿ ಜಿಂಗ್’, ಅಂದರೆ ಪರಿವರ್ತನೆಗಳ ಗ್ರಂಥ. ಇಂಗ್ಲಿಷ್ ಓದಿದವರ ಬಾಯಲ್ಲಿ ‘ಐ ಚಿಂಗ್’. ಮೂರು ನಾಣ್ಯಗಳನ್ನು ಆರು ಬಾರಿ ಎಸೆಯಿರಿ, ಆರು ಗೆರೆಗಳ ಒಂದು ಚಿಹ್ನೆ ಸಿಗುತ್ತದೆ, ಅದು ನಿಮ್ಮ ಬದುಕಿಗೆ ದಾರಿ ತೋರುತ್ತದೆ ಎನ್ನುತ್ತಾರೆ. ಆ ಚಿಹ್ನೆಯನ್ನು ಅಂಗಿಯ ಎದೆಗೆ, ದುಪಟ್ಟಾದ ಅಂಚಿಗೆ ಅಚ್ಚು ಹಾಕಿಸಿದರೆ ನಿಮ್ಮ ಉಡುಪೇ ನಿಮ್ಮ ಆತ್ಮಕತೆಯಾಗುತ್ತದಂತೆ! ಇದರ ತಂಗಿ ಫೆಂಗ್ ಶೂಯಿ ನಮ್ಮ ಊರುಗಳಿಗೆ ಬಂದು ಬಹಳ ದಿನವಾಯಿತು. ಕೆಂಪು ದಾರದಲ್ಲಿ ಕಟ್ಟಿದ ಮೂರು ಚೀನೀ ನಾಣ್ಯಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ ಅಂಗಡಿಗಳನ್ನು ಎಲ್ಲರೂ ಕಂಡಿದ್ದೇವೆ.

ನನ್ನ ತಕರಾರು ಚೀನೀಯರ ಗ್ರಂಥದ ಮೇಲಲ್ಲ. ಅದನ್ನು ಓದದೆ ತೊಡುವವರ ಮೇಲೆ.

ಈ ಗ್ರಂಥ ಹುಟ್ಟಿದ್ದು ಅರಸರ ಭಯದಿಂದ. ಅದಕ್ಕೂ ಮುನ್ನ ಶಾಂಗ್ ವಂಶದ ದೊರೆಗಳು ದನದ ಮೂಳೆಗೆ, ಆಮೆಯ ಚಿಪ್ಪಿಗೆ ಬಿಸಿ ತಾಗಿಸಿ, ಮೂಡಿದ ಬಿರುಕುಗಳನ್ನು ಓದಿಸುತ್ತಿದ್ದರು. ಮಳೆ, ಬೆಳೆ, ಯುದ್ಧ, ರೋಗ, ಹೆರಿಗೆ ಎಲ್ಲಕ್ಕೂ ಪ್ರಶ್ನೆ. ಆ ಮೂಳೆಗಳ ಮೇಲಿನ ಬರಹವನ್ನು 1899ರಲ್ಲಿ ವಿದ್ವಾಂಸರು ಗುರುತಿಸಿದರು. ನಂತರದ ಝೌ ವಂಶದ ಕಾಲದಲ್ಲಿ 64 ಚಿಹ್ನೆಗಳ ಪದ್ಧತಿ ನೆಲೆಯೂರಿತು. 50 ಒಣಕಡ್ಡಿಗಳಲ್ಲಿ ಒಂದನ್ನು ಬದಿಗಿಟ್ಟು ಉಳಿದ 49ನ್ನು ಮತ್ತೆ ಮತ್ತೆ ಎಣಿಸಿ ಒಂದೊಂದೇ ಗೆರೆಯನ್ನು ಪಡೆಯಬೇಕಿತ್ತು. ನಾಣ್ಯ ಬಂದದ್ದು ಆಮೇಲೆ, ಅವಸರದವರಿಗಾಗಿ.

ಆ ಗ್ರಂಥದಲ್ಲೇ ಬಟ್ಟೆಯ ಮಾತಿದೆ. ಭೂಮಿಯನ್ನು ಸೂಚಿಸುವ ಎರಡನೆಯ ಚಿಹ್ನೆಯ ಐದನೆಯ ಗೆರೆ ಹಳದಿ ಕೆಳವಸ್ತ್ರವನ್ನು ಹೇಳಿ ಅದನ್ನು ಪರಮ ಶುಭವೆನ್ನುತ್ತದೆ. ಕ್ರಿ.ಪೂ. 530ರಲ್ಲಿ ಲೂ ರಾಜ್ಯದ ನಾನ್ ಕ್ವಾಯ್ ಎಂಬ ಅಧಿಕಾರಿ ತನ್ನ ಒಡೆಯನ ವಿರುದ್ಧ ದಂಗೆ ಏಳಲು ಹೊರಟು ಶಕುನ ಕೇಳಿದಾಗ ಇದೇ ಗೆರೆ ಬಂತು. ಅವನಿಗೆ ಹಿಗ್ಗೋ ಹಿಗ್ಗು. ಅದನ್ನು ಹುಯಿ ಬೋ ಎಂಬವನಿಗೆ ತೋರಿಸಿದ. ಹುಯಿ ಬೋ ತಣ್ಣೀರೆರಚಿದ. ಹಳದಿ ನಡುವಿನ ಬಣ್ಣ, ಒಳಗೆ ನಿಷ್ಠೆಯಿಲ್ಲದವನಿಗೆ ಅದು ದಕ್ಕದು. ಕೆಳವಸ್ತ್ರ ವಿನಯದ ಅಲಂಕಾರ, ವಿನಯವಿಲ್ಲದವನಿಗೆ ಅದೂ ಇಲ್ಲ. ಕೇಡಿನ ಕೆಲಸಕ್ಕೆ ಈ ಗ್ರಂಥವನ್ನು ಕೇಳಲೇಬಾರದು ಎಂಬುದು ಅವನ ಮಾತಿನ ಸಾರ. ನಾನ್ ಕ್ವಾಯ್ ಕೇಳಲಿಲ್ಲ. ದಂಗೆ ಸೋತು ನೆರೆಯ ಚೀ ರಾಜ್ಯಕ್ಕೆ ಓಡಿಹೋದ. ‘ಜುವೊ ಝುವಾನ್’ ಎಂಬ ಪ್ರಾಚೀನ ಚರಿತ್ರೆ ಇದನ್ನು ದಾಖಲಿಸಿದೆ.

ಇಂದಿನ ವ್ಯಾಪಾರ ನಾನ್ ಕ್ವಾಯ್‌ನನ್ನು ಇಟ್ಟುಕೊಂಡು ಹುಯಿ ಬೋನನ್ನು ಹೊರಗಟ್ಟಿದೆ. ನಾಣ್ಯ ಬೇಕು, ಬುದ್ಧಿವಾದ ಬೇಡ. ಶುಭ ಬೇಕು, ಅದರ ಷರತ್ತು ಬೇಡ. ಮನಸ್ಸಿನಲ್ಲಿ ಮೊದಲೇ ತೀರ್ಮಾನಿಸಿದ್ದಕ್ಕೆ ಹಳೆಯ ಕಾಲದ ಮೊಹರು ಬೇಕು, ಅಷ್ಟೆ. ಇದನ್ನು ಮಾರ್ಗದರ್ಶನ ಎನ್ನುವುದಾದರೆ ಕನ್ನಡಿಯನ್ನೂ ಗುರು ಎನ್ನಬೇಕಾದೀತು.

ಬಟ್ಟೆಯ ಕತೆಯೂ ಇದೇ. ‘ಯಿ ಜಿಂಗ್’ನ ಪ್ರಾಚೀನ ಭಾಷ್ಯವೊಂದು, ಹಿಂದಿನ ಆದರ್ಶ ದೊರೆಗಳು ಮೇಲುಡುಪು-ಕೆಳಉಡುಪುಗಳ ಕ್ರಮವನ್ನು ಆಕಾಶ-ಭೂಮಿಯ ಚಿಹ್ನೆಗಳಿಂದ ಪಡೆದರೆಂದು ಹೇಳುತ್ತದೆ. ಕನ್ಫ್ಯೂಷಿಯಸ್ ಪಂಥದ ‘ಲಿ ಜಿ’ ಎಂಬ ಆಚಾರಗ್ರಂಥದಲ್ಲಿ ‘ಶೆನ್‌ಯಿ’ ಎಂಬ ನಿಲುವಂಗಿಯ ವಿವರವಿದೆ. ಹನ್ನೆರಡು ತಿಂಗಳಿಗೆ ಹನ್ನೆರಡು ತುಂಡು ಬಟ್ಟೆ, ಬೆನ್ನಿನ ಹೊಲಿಗೆ ನೇರ, ಕೆಳಅಂಚು ತಕ್ಕಡಿಯಂತೆ ಸಮ. ತೊಟ್ಟವನು ನೆಟ್ಟಗೆ ನಡೆಯಬೇಕು, ಒಂದೇ ತೂಕದಲ್ಲಿ ತೀರ್ಪು ಕೊಡಬೇಕು ಎಂಬುದು ಅದರ ಅರ್ಥ. ಅಂದರೆ ಆ ಉಡುಪು ತೊಟ್ಟವನ ಮೇಲೆ ಹೊಣೆ ಹೊರಿಸುತ್ತಿತ್ತು. ಇಂದಿನ ಅಚ್ಚಿನ ಅಂಗಿ ಯಾವ ಹೊಣೆ ಹೊರಿಸುತ್ತದೆ? ಮೂರು ಸಲ ಒಗೆದರೆ ಗೆರೆಯೂ ಇಲ್ಲ, ಅರ್ಥವೂ ಇಲ್ಲ.

‘ಕಲಾವಿದರೂ ಇದನ್ನು ಬಳಸಿದ್ದಾರಲ್ಲ?’ ಎಂದು ಕೇಳುವವರಿದ್ದಾರೆ. ನಿಜ. ಅಮೆರಿಕದ ಸಂಗೀತಗಾರ ಜಾನ್ ಕೇಜ್ 1951ರಲ್ಲಿ ನಾಣ್ಯ ಎಸೆದು ಒಂದು ದೀರ್ಘ ಪಿಯಾನೋ ಕೃತಿಯನ್ನೇ ರಚಿಸಿದರು. ಆದರೆ ಅವರು ನಾಣ್ಯ ಎಸೆದದ್ದು ತನ್ನ ಇಷ್ಟಾನಿಷ್ಟಗಳನ್ನು ಸಂಗೀತದಿಂದ ಹೊರಗಿಡಲು. ಬಂದದ್ದನ್ನು ಒಪ್ಪಿಕೊಳ್ಳುವ ಶಿಸ್ತು ಅದು. ನಮ್ಮ ವಿನ್ಯಾಸಗಾರರ ನಾಣ್ಯ ಗಿರಾಕಿಯ ‘ನಾನು’ ಎಂಬುದಕ್ಕೆ ಇನ್ನೊಂದು ಜರಿ ಸೇರಿಸುತ್ತದೆ. ಎರಡೂ ಒಂದೇ ಆಗಲು ಹೇಗೆ ಸಾಧ್ಯ?

ಇಷ್ಟು ಹೇಳಿ ನಮ್ಮ ಮನೆಯ ಕಡೆ ನೋಡದಿದ್ದರೆ ಅನ್ಯಾಯವಾದೀತು. ಬಾಣಗಳಿಂದ ಶಕುನ ಕೇಳುವುದನ್ನು ಕುರ್‌ಆನ್ ಮದ್ಯ, ಜೂಜುಗಳ ಜೊತೆಗೇ ಸೇರಿಸಿ ನಿಷೇಧಿಸಿದೆ. ಆದರೂ ಫಾಲ್ ತೆಗೆಸುವವರು ನಮ್ಮಲ್ಲಿಲ್ಲವೇ? ಇಸ್ತಿಖಾರ ಎಂದರೆ ಎರಡು ರಕಅತ್ ನಮಾಝ್ ಮಾಡಿ, ಒಳಿತಿನ ಕಡೆ ನಡೆಸೆಂದು ಅಲ್ಲಾಹನಲ್ಲಿ ಬೇಡಿ, ಆಮೇಲೆ ತಾನೇ ಹೆಜ್ಜೆ ಇಡುವುದು. ಅದನ್ನೂ ಫೋನಿನಲ್ಲಿ ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟು, ಮಗಳ ಮದುವೆಗೆ ‘ಹೌದು’, ‘ಅಲ್ಲ’ ಎಂಬ ಉತ್ತರ ತರಿಸಿಕೊಳ್ಳುವವರಿದ್ದಾರೆ. ಆ ಮಗಳನ್ನು ಒಂದು ಮಾತು ಕೇಳಿದವರೆಷ್ಟು ಮಂದಿ? ಚೀನಾದ ಮುಸ್ಲಿಂ ವಿದ್ವಾಂಸ ಲಿಯು ಝಿ 18ನೇ ಶತಮಾನದ ಆರಂಭದಲ್ಲಿ ತೌಹೀದನ್ನು ಚೀನೀ ತತ್ವಶಾಸ್ತ್ರದ ಭಾಷೆಯಲ್ಲೇ ವಿವರಿಸಿ ಬರೆದ. ಪರರ ಜ್ಞಾನವನ್ನು ಗೌರವಿಸುವ ರೀತಿ ಅದು. ಮೊದಲು ಓದು, ಆಮೇಲೆ ಮಾತು.

ಅಷ್ಟಕ್ಕೂ ಉಡುಪಿನ ಲೋಕಕ್ಕೆ ಶಕುನಗಳ ಕೊರತೆ ಎಲ್ಲಿದೆ? 2013ರ ಏಪ್ರಿಲ್ 23ರಂದು ಬಾಂಗ್ಲಾದೇಶದ ಸಾವರ್‌ನ ರಾಣಾ ಪ್ಲಾಝಾ ಕಟ್ಟಡದಲ್ಲಿ ದೊಡ್ಡ ಬಿರುಕುಗಳು ಕಾಣಿಸಿದವು. ಅದನ್ನು ಓದಲು ಶಾಂಗ್ ದೊರೆಯ ಜೋಯಿಸರು ಬೇಕಿರಲಿಲ್ಲ. ಕೆಳಗಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳಿಸಿತು. ಮೇಲಿನ ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಮರುದಿನ ಬೆಳಿಗ್ಗೆ ಒಳಗೆ ಕರೆಸಿದರು. ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅವರು ಹೊಲಿಯುತ್ತಿದ್ದುದು ಪಶ್ಚಿಮದ ಅಂಗಡಿಗಳ ಬಟ್ಟೆಗಳನ್ನು.

ಬಟ್ಟೆಯಲ್ಲಿ ಅರ್ಥ ಹುಡುಕುವವರು ಮೊದಲು ಅದರ ಹೊಲಿಗೆಯನ್ನು ನೋಡಲಿ. ಹೊಲಿದವಳು ಯಾರು, ಅವಳ ಕೂಲಿ ಎಷ್ಟು, ಅವಳ ತಲೆಯ ಮೇಲಿನ ಸೂರು ಗಟ್ಟಿಯಿದೆಯೇ? ಈ ಪ್ರಶ್ನೆಗಳಿಗೆ ನಾಣ್ಯ ಎಸೆಯಬೇಕಾಗಿಲ್ಲ. ಕೇಳುವ ಮನಸ್ಸಿದ್ದರೆ ಸಾಕು.