ಎರಡು ವಾರದ ಗಡುವು

ಗಂಟಲಿನ ಒಂದು ಬದಿಯಲ್ಲಿ ಮೆಲ್ಲಗೆ ಬೆರಳಿಟ್ಟು ನೋಡಿ. ನಾಡಿ ಮಿಡಿಯುವುದು ತಿಳಿಯುತ್ತದೆ. (ಎರಡೂ ಬದಿ ಒಟ್ಟಿಗೆ ಒತ್ತಬಾರದು.) ಅದು ಮೆದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಧಮನಿ. ವಯಸ್ಸಾದಂತೆ, ಅದರಲ್ಲೂ ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರಲ್ಲಿ, ಇದರ ಒಳಗೋಡೆಗೆ ಕೊಬ್ಬು ಮೆತ್ತಿಕೊಂಡು ದಾರಿ ಕಿರಿದಾಗುತ್ತದೆ.

ಹೀಗೆ ಮೆತ್ತಿದ ಕೊಬ್ಬಿನ ಮೇಲ್ಪದರ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಮೆದುಳಿಗೋ ಕಣ್ಣಿಗೋ ಹೋಗಿ ಸಣ್ಣ ರಕ್ತನಾಳವನ್ನು ಮುಚ್ಚುತ್ತದೆ. ಆಗ ಒಂದು ಕೈ ಸೋಲುತ್ತದೆ, ಮಾತು ತೊದಲುತ್ತದೆ, ಇಲ್ಲವೇ ಒಂದು ಕಣ್ಣಿಗೆ ಪರದೆ ಇಳಿದಂತಾಗುತ್ತದೆ. ಎಡ ಧಮನಿಯ ದೋಷ ಬಲಗೈಯಲ್ಲಿ ಕಾಣುವುದೇಕೆ? ದೇಹದ ಬಲಭಾಗವನ್ನು ನಡೆಸುವುದು ಮೆದುಳಿನ ಎಡಭಾಗ.

ಚೂರು ಕರಗಿದರೆ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ. 'ಏನೋ ಸುಸ್ತು' ಎಂದು ರೋಗಿ ಸುಮ್ಮನಾಗುತ್ತಾನೆ. ಆದರೆ ಧಮನಿಯೊಳಗಿನ ಗಾಯ ಹಾಗೇ ಇರುತ್ತದೆ. ದೊಡ್ಡ ಪಾರ್ಶ್ವವಾಯು ಬಡಿಯುವ ಸಂಭವ ಮುಂದಿನ ಕೆಲವು ದಿನಗಳಲ್ಲೇ ಅತಿ ಹೆಚ್ಚು.

ಧಮನಿಯನ್ನು ಸೀಳಿ ಕೊಬ್ಬನ್ನು ತೆಗೆಯುವ ಶಸ್ತ್ರಚಿಕಿತ್ಸೆಯುಂಟು. ಅದನ್ನು ಯಾವಾಗ ಮಾಡಬೇಕು? ಆಕ್ಸ್‌ಫರ್ಡ್‌ನ ಪೀಟರ್ ರಾತ್‌ವೆಲ್ ಮತ್ತು ಸಂಗಡಿಗರು ಹಿಂದಿನ ದೊಡ್ಡ ಅಧ್ಯಯನಗಳ ಅಂಕಿಅಂಶ ಸೇರಿಸಿ 2004ರಲ್ಲಿ ಉತ್ತರ ಕೊಟ್ಟರು. ಧಮನಿ ಅರ್ಧಕ್ಕಿಂತ ಹೆಚ್ಚು ಕಿರಿದಾದವರಲ್ಲಿ, ಲಕ್ಷಣ ಕಂಡ 2 ವಾರದೊಳಗೆ ಚಿಕಿತ್ಸೆಗೆ ಬಂದರೆ 5 ಮಂದಿಯಲ್ಲಿ ಒಬ್ಬರಿಗೆ ಪಾರ್ಶ್ವವಾಯು ತಪ್ಪುತ್ತದೆ. 12 ವಾರ ಕಳೆದರೆ ಈ ಲಾಭ 125 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಏಕೆಂದರೆ ಅಷ್ಟರಲ್ಲಿ ಕೆಲವರಿಗೆ ಪಾರ್ಶ್ವವಾಯು ಬಡಿದೇ ಇರುತ್ತದೆ, ಉಳಿದವರ ಗಾಯ ಮಾಗಿರುತ್ತದೆ. ಶಸ್ತ್ರಚಿಕಿತ್ಸೆಯ ಅಪಾಯ ಮಾತ್ರ ಕಡಿಮೆಯಾಗುವುದಿಲ್ಲ.

ಆದರೂ ಬ್ರಿಟನ್ನಿನಲ್ಲಿ 2005ರಿಂದ 2007ರವರೆಗೆ ಲೆಕ್ಕ ತೆಗೆದಾಗ, 2 ವಾರದೊಳಗೆ ಶಸ್ತ್ರಚಿಕಿತ್ಸೆ ಆದದ್ದು ಇಂಥ ರೋಗಿಗಳಲ್ಲಿ 100ಕ್ಕೆ 20 ಮಂದಿಗೆ ಮಾತ್ರ. ಮನೆಯ ವೈದ್ಯರು, ತಜ್ಞರು, ಸ್ಕ್ಯಾನ್, ಶಸ್ತ್ರವೈದ್ಯರು ಹೀಗೆ ಮೆಟ್ಟಿಲು ಹಲವು. ಪ್ರತಿ ಮೆಟ್ಟಿಲಲ್ಲೂ ಸರದಿ.

ಸರದಿ ತೆಗೆದರೆ ಏನಾಗುತ್ತದೆ? ಅದನ್ನೂ ಆಕ್ಸ್‌ಫರ್ಡ್ ತಂಡ ಪರೀಕ್ಷಿಸಿತು. ಕಿರು ಪಾರ್ಶ್ವವಾಯುವಿನ ರೋಗಿಗಳು ಮುಂಚೆ ದಿನ ಗೊತ್ತುಮಾಡಿಕೊಳ್ಳದೆ ನೇರವಾಗಿ ಬರಬಹುದಾದ ಚಿಕಿತ್ಸಾಲಯ ತೆರೆಯಿತು. ಮೊದಲು ಔಷಧಿ ಸಿಗಲು ಸಾಮಾನ್ಯವಾಗಿ 20 ದಿನ ಹಿಡಿಯುತ್ತಿತ್ತು. ಈಗ 1 ದಿನ ಸಾಕಾಯಿತು. 3 ತಿಂಗಳೊಳಗೆ ಪಾರ್ಶ್ವವಾಯು ಮರುಕಳಿಸುವುದು ಶೇ. 10.3ರಿಂದ ಶೇ. 2.1ಕ್ಕೆ ಇಳಿಯಿತೆಂದು 2007ರಲ್ಲಿ ವರದಿಯಾಯಿತು. ಔಷಧಿ ಹಳೆಯದೇ, ಕೊಟ್ಟ ಹೊತ್ತು ಮಾತ್ರ ಬೇರೆ.

ಮೊದಲ ಮೆಟ್ಟಿಲು ಮನೆಯೇ. ಅಜ್ಜನ ಕೈಯಿಂದ ಲೋಟ ಜಾರಿ, ಮಾತು ತೊದಲಿ, ಐದೇ ನಿಮಿಷದಲ್ಲಿ ಸರಿಹೋದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಕೈ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.