ಬದಲಿ ಬ್ಯಾಟರಿ ಕೈಗೆಟುಕಲಿ

ಬೆಂಗಳೂರಿನ ರೇವಾ ವಿದ್ಯುತ್ ಕಾರು 2001ರಲ್ಲಿ ರಸ್ತೆಗಿಳಿದಾಗ ಅದಕ್ಕಿದ್ದದ್ದು ಸೀಸ-ಆಮ್ಲದ ಎಂಟು ಬ್ಯಾಟರಿಗಳು. ಕೆಲವು ವರ್ಷಗಳಿಗೊಮ್ಮೆ ಅವನ್ನು ಬದಲಿಸುವ ಖರ್ಚು ಮಾಲೀಕರಿಗೆ ಹೊರೆಯಾಗಿತ್ತು. ಇಂದಿನ ಲಿಥಿಯಂ ಅಯಾನ್ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಆದರೆ ಸಾಮಾನ್ಯವಾಗಿ ಸಿಗುವ ಎಂಟು ವರ್ಷದ ವಾರಂಟಿ ಮುಗಿದ ಮೇಲೆ ಅದೇ ಚಿಂತೆ ಎದುರಾಗುತ್ತದೆ.

ಹೊಸ ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5. ಹಳೆಯ ಕಾರಿಗೆ ಬದಲಿ ಬ್ಯಾಟರಿ ಕೊಂಡರೆ ಶೇ 18. ಗಟ್ಟಿಮುಟ್ಟಾದ ಕಾರುಗಳು ಗುಜರಿ ಸೇರಬಾರದೆಂದರೆ ಈ ಅಂತರ ಹೋಗಬೇಕು. ಇಡೀ ಪ್ಯಾಕ್ ಬದಲಿಸುವಂತೆ ಒತ್ತಾಯಿಸದೆ, ಸಾಧ್ಯವಿರುವೆಡೆ ಕೆಟ್ಟ ಮಾಡ್ಯೂಲ್‌ ಮಾತ್ರ ಬದಲಿಸಿಕೊಡುವ ವ್ಯವಸ್ಥೆಯನ್ನು ಕಂಪನಿಗಳು ಮಾಡಲಿ. ಬಳಸಿದ ಬ್ಯಾಟರಿ ಮರಳಿ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅವು ಕಟ್ಟುನಿಟ್ಟಾಗಿ ಜಾರಿಯಾಗಲಿ.