ಕೆರೆಯ ನಡುವೆ ಒಂದು ತಿಟ್ಟನ್ನಾದರೂ ಬಿಡೋಣ



ಚಳಿಗಾಲ ಬಂದಿತೆಂದರೆ ಬೆಂಗಳೂರು, ಮೈಸೂರುಗಳಲ್ಲಿರುವ ನಮ್ಮವರು ಮಕ್ಕಳನ್ನು ಕರೆದುಕೊಂಡು ರಂಗನತಿಟ್ಟಿಗೆ ಹೊರಡುವುದು ವಾಡಿಕೆ. ಹೋಗಿ ಬರುವುದು ಒಳ್ಳೆಯದೇ. ಆದರೆ ಹಕ್ಕಿಗಳ ನಡುಗಡ್ಡೆಯೆಂಬುದು ಟಿಕೆಟ್ಟು ಕೊಂಡು ನೋಡಬೇಕಾದ ದೂರದ ವಸ್ತುವೆಂದು ಆ ಮಕ್ಕಳು ಭಾವಿಸಬಾರದು. ನಮ್ಮ ಹಾಲ್ಕುರಿಕೆಯ ಸುತ್ತಮುತ್ತಲ ಸೀಮೆಯ ಕೆರೆಗಳಲ್ಲಿಯೂ ಅಂತಹ ಪುಟ್ಟ ತಿಟ್ಟುಗಳಿವೆ. ಅವು ಒಂದೊಂದಾಗಿ ಕಣ್ಮರೆಯಾಗುತ್ತಿರುವುದರ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ತಿಟ್ಟು ಎಂದರೆ ದಿಬ್ಬ, ನೀರಿನ ನಡುವೆ ಎದ್ದು ನಿಂತ ನೆಲ. ರಂಗನತಿಟ್ಟು ಕೂಡ ಪೂರ್ತಿಯಾಗಿ ಪ್ರಕೃತಿಯೇ ಮಾಡಿಟ್ಟದ್ದಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಕಟ್ಟಿದ ಒಡ್ಡಿನಿಂದ ನೀರು ನಿಂತು ಆ ನಡುಗಡ್ಡೆಗಳು ರೂಪುಗೊಂಡವು. ಬೇಸಾಯಕ್ಕೆಂದು ನಿಲ್ಲಿಸಿದ ನೀರಿಗೆ ಹಕ್ಕಿಗಳು ತಾವಾಗಿಯೇ ಬಂದವು. ಡಾ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನವು ಅದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು.

ನದಿಯ ಮಾತು ಹಾಗಿರಲಿ, ಕೆರೆಯ ಮಾತಿಗೆ ಬರೋಣ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಒಂದು ನೀರಾವರಿ ಕೆರೆ. ಅದರ ಅಂಗಳದಲ್ಲಿ ಬೆಳೆದ ಕರಿಜಾಲಿ ಮರಗಳು ನೀರಿನ ನಡುವೆ ನಿಂತು ಸಾವಿರಾರು ಹಕ್ಕಿಗಳಿಗೆ ಆಸರೆಯಾದವು. 2024ರಲ್ಲಿ ಆ ಕೆರೆಯೂ, ಗದಗ ಜಿಲ್ಲೆಯ ಮಾಗಡಿ ಕೆರೆಯೂ ರಾಮ್ಸಾರ್ ಪಟ್ಟಿಗೆ ಸೇರಿದವು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದಿಂದ ಹಿಮಾಲಯವನ್ನು ದಾಟಿ ಬರುವಂಥವು. ಅಷ್ಟು ದೂರದ ಅತಿಥಿಗಳು ಬಯಲುಸೀಮೆಯ ಒಂದು ಸಾಮಾನ್ಯ ಕೆರೆಯನ್ನು ಹುಡುಕಿಕೊಂಡು ಬರುವುದಾದರೆ, ನಮ್ಮ ಕೆರೆಗಳನ್ನು ನಾವು ಕೀಳಾಗಿ ಕಾಣಬೇಕಾಗಿಲ್ಲ.

ನಮ್ಮಲ್ಲಿ ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಎತ್ತಿನ ಗಾಡಿಗಳಲ್ಲಿ ಗೋಡು ಹೊಡೆದು ತೆಂಗಿನ ತೋಟಕ್ಕೆ ಹಾಕುತ್ತಿದ್ದರು. ಗಾಡಿ ಇಳಿಯಬಲ್ಲ ಕಡೆ ಮಾತ್ರ ಮಣ್ಣು ತೆಗೆಯುತ್ತಿದ್ದರು. ಜಾಲಿ ಬೆಳೆದ ದಿಬ್ಬವನ್ನು ಯಾರೂ ಮುಟ್ಟುತ್ತಿರಲಿಲ್ಲ. ಈಗ ಜೆಸಿಬಿ ಇಳಿಯುತ್ತದೆ, ಟಿಪ್ಪರುಗಳು ಸಾಲುಗಟ್ಟುತ್ತವೆ. ಹೂಳೆತ್ತುವ ಹೆಸರಿನಲ್ಲಿ ದಿಬ್ಬ, ಜಾಲಿ, ಅಂಚಿನ ಜೌಗು ಎಲ್ಲವೂ ಹೋಗಿ, ಕೆರೆ ಬಾಣಲೆಯಂತಾಗುತ್ತದೆ. ನೀರು ತುಂಬಿದಾಗ ನೋಡಲು ಸೊಗಸು. ಆದರೆ ಮೊಣಕಾಲುದ್ದ ನೀರಿನಲ್ಲಿ ನಡೆದು ಹುಳುಹುಪ್ಪಟೆ ಹೆಕ್ಕುವ ಗೊರವಗಳಿಗೆ ಅಲ್ಲಿ ಕಾಲೂರಲು ನೆಲೆಯಿಲ್ಲ. ಇರುಳು ತಂಗಲು ಬರುವ ಬೆಳ್ಳಕ್ಕಿ, ನೀರುಕಾಗೆಗಳಿಗೆ ಕೊಂಬೆಯಿಲ್ಲ.

ದಂಡೆಯ ಮೇಲೆ ಮರಗಳಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇವೆ. ಆದರೆ ದಂಡೆಯ ಮರಕ್ಕೂ ತಿಟ್ಟಿನ ಮರಕ್ಕೂ ವ್ಯತ್ಯಾಸವಿದೆ. ಸುತ್ತಲೂ ನೀರಿರುವ ತಿಟ್ಟಿಗೆ ನಾಯಿ, ಬೆಕ್ಕುಗಳು ಸುಲಭವಾಗಿ ಹೋಗಲಾರವು; ಮನುಷ್ಯನೂ ಸುಮ್ಮನೆ ಹೋಗಲಾರ. ಹಕ್ಕಿಗೆ ನೀರೇ ಬೇಲಿ. ಆ ಬೇಲಿಯ ಒಳಗಿನ ನೆಲವನ್ನೇ ನಾವು ಕಿತ್ತುಹಾಕಿದರೆ ಬೇಲಿಯಿದ್ದು ಫಲವೇನು?

ನಾನೂ ತೆಂಗು ಬೆಳೆಯುವ ಮನೆತನದವನೇ. ಗೋಡಿನ ಬೆಲೆ ನನಗೆ ಗೊತ್ತು. ಮಳೆ ಕೈಕೊಟ್ಟ ವರ್ಷ ಸುಳಿ ಒಣಗಿದ ಮರಗಳ ಕೆಳಗೆ ನಿಂತವನಿಗೆ ಹಕ್ಕಿಯ ವಿಚಾರ ಹೇಳುವುದು ಸುಲಭವಲ್ಲ. ಹೂಳು ತೆಗೆಯಲೇಬೇಕು, ಕೆರೆಯಲ್ಲಿ ನೀರು ಹೆಚ್ಚು ನಿಲ್ಲಬೇಕು, ಕೊಳವೆಬಾವಿಗಳು ಮರುಪೂರಣಗೊಳ್ಳಬೇಕು. ಇದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ನಾನು ಕೇಳುವುದು ಇಡೀ ಕೆರೆಯಲ್ಲಿ ಕೆಲವೇ ಗುಂಟೆ ಜಾಗ. ಒಂದು ತಿಟ್ಟನ್ನು ಜಾಲಿಮರಗಳ ಸಹಿತ ಉಳಿಸಿ ಅದರ ಸುತ್ತ ತೆಗೆಯಲಿ. ಒಂದು ಬದಿಯ ಅಂಚನ್ನು ಕಡಿದಾಗಿ ಕತ್ತರಿಸದೆ ಇಳಿಜಾರಾಗಿ ಬಿಡಲಿ. ದನಕರುಗಳು ನೀರಿಗಿಳಿಯುವುದಕ್ಕೂ ಆ ಇಳಿಜಾರೇ ಕ್ಷೇಮ. ಹಕ್ಕಿಗಳಿಂದ ರೈತನಿಗೆ ನಷ್ಟವೇ ಎಂದೂ ತಿಳಿಯಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಜನ ಗೂಡುಗಳ ಕೆಳಗೆ ಬಿದ್ದ ಹಿಕ್ಕೆಯನ್ನು ಗೊಬ್ಬರವಾಗಿ ಬಳಸಿದವರು. ನಮ್ಮದೇ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳಲ್ಲಿಯೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ಮನೆಯವರಂತೆ ಕಾಪಾಡಿದ್ದಾರೆ.

ನನ್ನ ಶಿಷ್ಯರಲ್ಲಿ ಎಂಜಿನಿಯರುಗಳಿದ್ದೀರಿ, ಗುತ್ತಿಗೆದಾರರಿದ್ದೀರಿ, ಪಂಚಾಯಿತಿ ಸದಸ್ಯರಾಗಿ ಗೆದ್ದವರೂ ಇದ್ದೀರಿ. ಹೂಳೆತ್ತುವ ಅಂದಾಜುಪಟ್ಟಿ ತಯಾರಾಗುವಾಗಲೇ ತಿಟ್ಟಿನ ಗುರುತು ನಕ್ಷೆಯಲ್ಲಿ ಬರುವಂತೆ ನೋಡಿಕೊಳ್ಳಿ. ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು ಹೇಳಿ. ಯಂತ್ರ ಇಳಿದ ಮೇಲೆ ಹೇಳುವ ಮಾತಿಗೆ ಬೆಲೆಯಿಲ್ಲ.

ಶಿಕ್ಷಕರಾಗಿರುವವರಲ್ಲಿ ಇನ್ನೊಂದು ವಿನಂತಿ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತ ಬಂದಿದೆ. ಅದೇ ತಿಂಗಳಲ್ಲಿ ಮಕ್ಕಳನ್ನು ಒಂದು ಬೆಳಿಗ್ಗೆ ಏರಿಯ ಮೇಲೆ ಕೂರಿಸಿ. ಬಸ್ಸಿನ ಖರ್ಚಿಲ್ಲ, ಒಂದು ನೋಟ್‌ಬುಕ್ಕು ಸಾಕು. ನಾಮದ ಕೋಳಿ ಎಷ್ಟು, ಗುಳುಮುಳುಕ ಎಷ್ಟು, ಬೆಳ್ಳಕ್ಕಿ ಎಷ್ಟು ಎಂದು ಎಣಿಸಿ ಬರೆಯಲಿ. ಹತ್ತು ವರ್ಷ ಹೀಗೆ ಬರೆದರೆ ಆ ಪುಸ್ತಕವೇ ಊರಿನ ದಾಖಲೆಯಾಗುತ್ತದೆ. ಗ್ರಾಮಸಭೆಯಲ್ಲಿ ಮುಂದಿಡಲು ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ.

ನೋಡುವುದಕ್ಕೂ ಒಂದು ಶಿಸ್ತುಂಟು. ತೆಪ್ಪ ಕಟ್ಟಿಕೊಂಡು ತಿಟ್ಟಿನ ಹತ್ತಿರ ಹೋಗಬಾರದು, ಫೋಟೋಕ್ಕಾಗಿ ಹಕ್ಕಿಗಳನ್ನು ಎಬ್ಬಿಸಬಾರದು, ಮೇಲೆ ಡ್ರೋನ್ ಹಾರಿಸಬಾರದು. ಗುಂಪು ಬೆದರಿ ಎದ್ದಾಗ ನಮಗೆ ಚೆಂದವೆನಿಸುತ್ತದೆ. ಹಕ್ಕಿಗೆ ಅದು ದಂಡವಾದ ಶ್ರಮ, ಗೂಡಿದ್ದರೆ ಮೊಟ್ಟೆ ಮರಿಗಳು ಕಾಗೆಯ ಪಾಲು. ತಿಟ್ಟು ಹಕ್ಕಿಯದು, ಏರಿ ನಮ್ಮದು. ಈ ಗಡಿಯನ್ನು ಮಕ್ಕಳಿಗೆ ಮೊದಲು ಕಲಿಸಬೇಕು.

ಸಂಕ್ರಾಂತಿಗೆ ಊರಿಗೆ ಬರುವವರು ಒಂದು ಬೆಳಿಗ್ಗೆಯನ್ನು ಕೆರೆಗಾಗಿ ತೆಗೆದಿರಿಸಿ. ಮಕ್ಕಳನ್ನೂ ಕರೆತನ್ನಿ. ನಿಮ್ಮೂರಿನ ಕೆರೆಯಲ್ಲಿ ತಿಟ್ಟು ಇನ್ನೂ ಉಳಿದಿದೆಯೇ ಎಂಬುದನ್ನು ನೋಡಿ ನನಗೊಂದು ಮಾತು ತಿಳಿಸಿ. ಎಲ್ಲರಿಗೂ ಒಳ್ಳೆಯದಾಗಲಿ.